ಆರೈಕೆ ಬೇಡದ ಗಿಡ ಎಂಬ ಸುಳ್ಳು

ಕಳೆದ ಆಗಸ್ಟಿನ ಒಂದು ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ ಸಂಘದ ತುರ್ತು ಸಭೆ ಸೇರಿತು. ಹದಿನೈದು ದಿನಗಳಲ್ಲಿ ನಮ್ಮ ಬ್ಲಾಕಿನ ಇಬ್ಬರು ಮಕ್ಕಳಿಗೆ ಡೆಂಗಿ ಬಂದಿತ್ತು. ಒಬ್ಬ ನಮ್ಮ ಮೇಲಿನ ಮನೆಯ ಹುಡುಗ, ನನ್ನ ಮಗಳ ಓರಗೆಯವನು. ಪ್ಲೇಟ್‌ಲೆಟ್ ಇಳಿದು ಐದು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದ. ಇಬ್ಬರೂ ಗುಣವಾದರು ಅನ್ನುವುದೇ ದೊಡ್ಡ ಸಮಾಧಾನ. ಸಭೆ ಒಂದೂವರೆ ಗಂಟೆ ನಡೆಯಿತು. ಜಗಳವಾಯಿತು, ಕೂಗಾಟವಾಯಿತು, ಕೊನೆಗೆ ಒಂದೇ ಒಂದು ನಿರ್ಣಯವಾಯಿತು: ಆವರಣದಲ್ಲಿರುವ ಎಲ್ಲ ಬ್ರೊಮೆಲಿಯಾಡ್ ಗಿಡಗಳನ್ನೂ ಮೂವತ್ತು ದಿನದೊಳಗೆ ಕಿತ್ತು ಹಾಕಬೇಕು.

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ನಮ್ಮದು ನೆಲಮಹಡಿಯ ಮನೆ. ಸಿಟ್‌ಔಟಿನ ಮುಂದೆ ಹತ್ತು ಅಡಿಗೆ ಹದಿನಾಲ್ಕು ಅಡಿಯ ಮಣ್ಣಿದೆ. ಎಂಟು ವರ್ಷದ ಹಿಂದೆ ಅಲ್ಲಿ ನಾನು ನೆಟ್ಟ ಐದು ನಿಯೋರೆಜೀಲಿಯಾ ಗಿಡಗಳು ಆ ಹೊತ್ತಿಗೆ ಅರವತ್ತು ಎಪ್ಪತ್ತು ಬುಡಗಳ ಪೊದೆಯಾಗಿದ್ದವು. ಈ ಬರಹ ಆ ನಿರ್ಣಯದ ವಿರುದ್ಧ. ಆದರೆ ಅದಕ್ಕೂ ಮೊದಲು ಇದು ನನ್ನ ವಿರುದ್ಧ, ನನ್ನಂಥವರ ವಿರುದ್ಧ.

ಬ್ರೊಮೆಲಿಯಾಡ್ ಅಂದರೆ ಯಾವುದು ಎನ್ನುವವರಿಗೆ: ಹೋಟೆಲಿನ ಲಾಬಿಯಲ್ಲಿ, ಆಫೀಸಿನ ರಿಸೆಪ್ಷನ್ನಿನಲ್ಲಿ ಕೆಂಪು ಅಥವಾ ಗುಲಾಬಿ ಬಣ್ಣದ ಸುಳಿ ಬಿಟ್ಟುಕೊಂಡು, ಪ್ಲಾಸ್ಟಿಕ್ಕೋ ನಿಜವೋ ಎಂದು ಮುಟ್ಟಿ ನೋಡುವಂತೆ ಕೂತಿರುತ್ತದಲ್ಲ, ಅದು. ಈ ಕುಟುಂಬದಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಒಂದನ್ನು ಬಿಟ್ಟರೆ ಎಲ್ಲದರ ತವರೂ ಅಮೆರಿಕ ಖಂಡಗಳು. ಹಾಗಂತ ನಮಗೆ ಇದು ಅಪರಿಚಿತ ಬಳಗವೇನಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಹಡಗಿನಲ್ಲಿ ತಂದ ಅನಾನಸ್ ಇದೇ ಕುಟುಂಬದ್ದು. ನಾನು ಹುಟ್ಟಿದ್ದು ಸೊರಬದ ಕಡೆ. ಬನವಾಸಿಯ ಹಾದಿಯಲ್ಲಿ ಎಕರೆಗಟ್ಟಲೆ ಅನಾನಸ್ ನೋಡುತ್ತ ಬೆಳೆದವನು. ಹೈದರಾಬಾದಿನ ನರ್ಸರಿಯಲ್ಲಿ ಮೊದಲ ಸಲ ಈ ಗಿಡ ಕಂಡಾಗ ನನಗನ್ನಿಸಿದ್ದು, ಇದು ಪೇಟೆಗೆ ಬಂದು ಬಣ್ಣ ಹಚ್ಚಿಕೊಂಡ ನಮ್ಮೂರ ಅನಾನಸ್ಸು ಎಂದು.

ನರ್ಸರಿಯವರು ಅದನ್ನು ಮಾರಿದ್ದು ಎರಡೇ ಮಾತಿನಲ್ಲಿ: "ಲೋ ಮೇಂಟೆನೆನ್ಸ್ ಸಾರ್." ಈ ಊರಿನ ನರ್ಸರಿಗಳಿಗೆ ಗಿಡಗಳು ಬಹುಪಾಲು ಬರುವುದು ರಾಜಮಹೇಂದ್ರವರಂ ಹತ್ತಿರದ ಕಡಿಯಂನಿಂದ. ಲಾರಿಯಿಂದ ಇಳಿಯುವಾಗಲೇ ಸುಳಿ ಕೆಂಪಾಗಿರುತ್ತದೆ, ಮಾರುವವರಿಗೆ ಅಷ್ಟು ಸಾಕು. ದಿನಾ ನೀರು ಬೇಡ, ಮಣ್ಣು ಹೆಚ್ಚು ಬೇಡ, ಗೊಬ್ಬರ ಬೇಡ. ಎಲ್ಲ ನಿಜವೇ. ಎಲೆಗಳ ನಡುವಿನ ಬಟ್ಟಲಿನಲ್ಲಿ ನೀರು ನಿಲ್ಲಿಸಿಕೊಂಡು, ಎಲೆಯ ಮೇಲಿನ ಸಣ್ಣ ಹೊಟ್ಟಿನಂಥ ರೋಮಗಳಿಂದ ನೀರನ್ನೂ ಪೋಷಣೆಯನ್ನೂ ಹೀರುವ ಗಿಡ ಇದು. ಬೇರು ಇರುವುದು ಮುಖ್ಯವಾಗಿ ಹಿಡಿದು ನಿಲ್ಲುವುದಕ್ಕೆ. ಆದರೆ ಮಾರುವವರು ಹೇಳದ, ನಾನೂ ಕೇಳದ ಸಂಗತಿ ಒಂದಿತ್ತು. ಒಂದು ಬುಡ ಹೂ ಬಿಡುವುದು ಆಯುಷ್ಯದಲ್ಲಿ ಒಂದೇ ಸಲ. ಹೂ ಬಿಟ್ಟ ಮೇಲೆ ಅದು ಪಕ್ಕದಲ್ಲಿ ಕಂದು ಹಾಕುತ್ತದೆ, ಆಮೇಲೆ ಒಂದೆರಡು ವರ್ಷದಲ್ಲಿ ನಿಧಾನವಾಗಿ ಸಾಯುತ್ತದೆ. ಕಂದು ದೊಡ್ಡದಾಗಿ, ಹೂ ಬಿಟ್ಟು, ತಾನೂ ಕಂದು ಹಾಕಿ ಸಾಯುತ್ತದೆ. ಸತ್ತ ತಾಯಿಯನ್ನು ತೆಗೆಯುವವರಿಲ್ಲದಿದ್ದರೆ ನಾಲ್ಕೈದು ವರ್ಷದಲ್ಲಿ ಅಲ್ಲಿ ಇರುವುದು ತೋಟವಲ್ಲ, ಹೆಣಗಳ ರಾಶಿಯ ಮೇಲೆ ಹತ್ತಿ ಕೂತ ಒಂದಷ್ಟು ಹಸಿರು. ಹೊರಗಿನಿಂದ ನೋಡಿದರೆ ಸೊಂಪು. ಒಳಗೆ ಕೊಳೆತ ಎಲೆ, ಬೇವಿನ ಮರದಿಂದ ಉದುರಿದ ಕಸ, ಬೋರಿನ ನೀರಿನ ಬಿಳಿ ಸುಣ್ಣದ ಗೆರೆ, ವಾಸನೆ ಬರುವ ಕಪ್ಪು ನೀರು.

ನಾನು ಆ ಪೊದೆಗೆ ಮೂರು ವರ್ಷ ಕೈ ಹಾಕಿರಲಿಲ್ಲ. ಸಂಜೆ ಚಹಾ ಕುಡಿಯುತ್ತ ನೋಡುತ್ತಿದ್ದೆ, ಬಂದವರಿಗೆ ತೋರಿಸುತ್ತಿದ್ದೆ, ಫೋಟೋ ಹಾಕುತ್ತಿದ್ದೆ. ಸಭೆಯ ದಿನ ರಾತ್ರಿ ಟಾರ್ಚು ಹಿಡಿದು ಬಗ್ಗಿ ನೋಡಿದೆ. ಮೂರನೇ ಬಟ್ಟಲಿನಲ್ಲೇ ಲಾರ್ವಾಗಳು ಡೊಂಕಾಗುತ್ತ, ನೆಟ್ಟಗಾಗುತ್ತ ಈಜುತ್ತಿದ್ದವು. ಅಂದರೆ ಸಂಘದವರು ಹೇಳಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಇದನ್ನು ಮುಚ್ಚಿಟ್ಟು ಮುಂದಿನ ಮಾತು ಆಡಿದರೆ ಅದಕ್ಕೆ ಬೆಲೆಯಿಲ್ಲ.

ಅದೇ ಟಾರ್ಚು ಹಿಡಿದು ನಾನು ಆವರಣವನ್ನೆಲ್ಲ ಸುತ್ತಿದೆ. ಯೋಜನೆ ಹಳ್ಳ ಹಿಡಿದಾಗ ಕಾರಣಗಳ ಪಟ್ಟಿ ಮಾಡುವುದು ನನ್ನ ಹೊಟ್ಟೆಪಾಡಿನ ಕೆಲಸ, ಅಭ್ಯಾಸ ಬಿಡಲಿಲ್ಲ. ನಿಂತ ನೀರು ಸಿಕ್ಕಿದ್ದು ಹನ್ನೊಂದು ಕಡೆ, ಲಾರ್ವಾ ಕಂಡಿದ್ದು ಆರು ಕಡೆ. ಲಿಫ್ಟಿನ ಗುಂಡಿ. ಬೇಸಿಗೆ ಮುಗಿದ ಮೇಲೆ ಯಾರೂ ಬರಿದು ಮಾಡದ ಎರಡು ಏರ್ ಕೂಲರುಗಳು. ತಾರಸಿಯಲ್ಲಿ ಬಿಸಾಡಿದ್ದ ನೀಲಿ ಟಾರ್ಪಾಲಿನ ಮಡಿಕೆ. ಜನರೇಟರಿನ ಪಕ್ಕದ ಹಳೇ ಬಕೆಟ್ಟು. ಆರನೆಯದು ನನ್ನ ಪೊದೆ. ಇನ್ನು ನಮ್ಮ ಗೋಡೆಯಾಚೆ ಕಟ್ಟಡಕ್ಕೆಂದು ತೋಡಿ, ಕೆಲಸ ನಿಂತು, ವರ್ಷದಿಂದ ಕೆರೆಯಾಗಿರುವ ಹೊಂಡವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದರ ಮಾಲೀಕರ ಹೆಸರು ಸಭೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಲಿಫ್ಟಿನ ಗುಂಡಿ ಸರಿ ಮಾಡಲು ದುಡ್ಡು ಬೇಕು, ಹೊಂಡದವರ ಜೊತೆ ಮಾತಾಡಲು ಧೈರ್ಯ ಬೇಕು. ಗಿಡ ಕೀಳಲು ಎರಡೂ ಬೇಡ, ಒಂದು ವಾಟ್ಸಾಪ್ ಸಂದೇಶ ಸಾಕು. ನಿರ್ಣಯ ಗಿಡದ ಮೇಲೆ ಬಿದ್ದದ್ದು ಹೀಗೆ.

ಸೊಳ್ಳೆಯ ವಿಷಯದಲ್ಲಿ ಪೂರ್ತಿ ಸತ್ಯ ಹೇಳಿಬಿಡುತ್ತೇನೆ. ಗಿಡಪ್ರಿಯರು ಹೇಳುವುದೂ ಅರ್ಧ ಸತ್ಯ, ಸಂಘದವರು ಹೇಳುವುದೂ ಅರ್ಧ ಸತ್ಯ. ಗಿಡಪ್ರಿಯರು ಎತ್ತಿ ತೋರಿಸುವುದು ಬ್ರೆಜಿಲಿನ ರಿಯೋ ನಗರದ ಸಸ್ಯೋದ್ಯಾನದಲ್ಲಿ ನಡೆದ ಅಧ್ಯಯನವನ್ನು. ಅಲ್ಲಿ ಬ್ರೊಮೆಲಿಯಾಡುಗಳಲ್ಲಿ ಸಿಕ್ಕ ಸೊಳ್ಳೆಮರಿಗಳಲ್ಲಿ ಡೆಂಗಿ ಹರಡುವ ಈಡಿಸ್ ಜಾತಿಯವು ಶೇ. 1ಕ್ಕಿಂತಲೂ ಕಡಿಮೆ. ಆದರೆ ಬ್ರೊಮೆಲಿಯಾಡಿನ ಬಟ್ಟಲಿಗೇ ಒಗ್ಗಿದ ಅಲ್ಲಿನ ಸ್ಥಳೀಯ ಸೊಳ್ಳೆಗಳು ಆ ಜಾಗವನ್ನು ಮೊದಲೇ ಹಿಡಿದಿದ್ದವು. ಆ ಸೊಳ್ಳೆಗಳು ಹೈದರಾಬಾದಿನಲ್ಲಿಲ್ಲ, ಇಲ್ಲಿ ಮನೆ ಖಾಲಿ ಇದೆ. ಅತ್ತ ಅಮೆರಿಕದ ಮಯಾಮಿಯಲ್ಲಿ, 2016ರ ಝೀಕಾ ಹಾವಳಿಯ ನಂತರ ಹುಡುಕಿದಾಗ, ಮನೆಯಂಗಳದ ಬ್ರೊಮೆಲಿಯಾಡುಗಳಲ್ಲಿ ಈಡಿಸ್ ಈಜಿಪ್ಟೈ ಸಾಕಷ್ಟೇ ಸಿಕ್ಕಿತು. ಆದ್ದರಿಂದ "ನಮ್ಮ ಗಿಡದಲ್ಲಿ ಸೊಳ್ಳೆ ಆಗುವುದಿಲ್ಲ" ಎಂದು ರಿಯೋದ ಹೆಸರು ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಗಿಡವನ್ನು ಕೊಂದು ರೋಗ ಗೆಲ್ಲಲು ಹೊರಟ ಚರಿತ್ರೆಯೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಟ್ರಿನಿಡಾಡಿನಲ್ಲಿ ಮಲೇರಿಯಾ ಹರಡುತ್ತಿದ್ದುದು ಬ್ರೊಮೆಲಿಯಾಡಿನ ಬಟ್ಟಲಲ್ಲಿ ಬೆಳೆಯುವ ಅನಾಫಿಲಿಸ್ ಸೊಳ್ಳೆಯಿಂದ. ಮುಂದೆ ಜೀವಗಡಿಯಾರದ ಅಧ್ಯಯನಕ್ಕೆ ಹೆಸರಾದ ಕಾಲಿನ್ ಪಿಟೆಂಡ್ರಿ ಆಗ ಅಲ್ಲಿ ಈ ಸೊಳ್ಳೆಗಳ ಬೆನ್ನು ಹತ್ತಿದ್ದರು. ಅಲ್ಲಿ ಬ್ರೊಮೆಲಿಯಾಡುಗಳು ಕಿಕ್ಕಿರಿದಿದ್ದುದು ಕೊಕ್ಕೋ ತೋಟಕ್ಕೆ ನೆರಳಾಗಲೆಂದು ಮನುಷ್ಯರೇ ಸಾಲಾಗಿ ನೆಟ್ಟ ಮರಗಳ ಮೇಲೆ. ಪರಿಹಾರಕ್ಕೆ ಸಿಂಪಡಿಸಿದ್ದು ತಾಮ್ರದ ಸಲ್ಫೇಟು, ಅಂದರೆ ನಮ್ಮ ಮೈಲುತುತ್ತ. ಬ್ರೊಮೆಲಿಯಾಡಿಗೆ ತಾಮ್ರವೆಂದರೆ ವಿಷ. ಎಲೆಯಿಂದಲೇ ಹೀರುವ ಗಿಡಕ್ಕೆ ಅದನ್ನು ಉಗುಳಿ ಬದುಕುವ ದಾರಿಯಿಲ್ಲ.

ಇದನ್ನು ಹೇಳಲು ಕಾರಣವಿದೆ. ನಿರ್ಣಯದ ಸುದ್ದಿ ಹೇಳಿದಾಗ ಊರಿನಿಂದ ಚಿಕ್ಕಪ್ಪ ಫೋನಿನಲ್ಲಿ ಕೊಟ್ಟ ಸಲಹೆ: "ಒಂದ್ಸಲ ಬೋರ್ಡೋ ಹೊಡ್ದುಬಿಡೋ, ಎಲ್ಲ ಸರಿಯಾಗ್ತದೆ." ಅಡಿಕೆಗೆ ಕೊಳೆರೋಗ ಬಂದಾಗಲೆಲ್ಲ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಹೊಡೆದು ಬೆಳೆ ಉಳಿಸಿಕೊಂಡ ಮನೆತನ ನಮ್ಮದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟ ಆ ಮದ್ದು ಮಲೆನಾಡನ್ನು ಬದುಕಿಸಿದೆ. ಚಿಕ್ಕಪ್ಪ ಹೇಳಿದಂತೆ ಹೊಡೆದಿದ್ದರೆ ನನ್ನ ಸಮಸ್ಯೆಯೂ ಬಗೆಹರಿಯುತ್ತಿತ್ತು. ಗಿಡವೇ ಇರುತ್ತಿರಲಿಲ್ಲ. ಒಂದು ಕಡೆ ಪ್ರಾಣ ಉಳಿಸಿದ ಮದ್ದನ್ನು ಇನ್ನೊಂದು ಕಡೆ ಕಣ್ಣು ಮುಚ್ಚಿ ಹೊಡೆಯುವುದು, ಲಿಫ್ಟಿನ ಗುಂಡಿ ಬಿಟ್ಟು ಗಿಡ ಕೀಳುವುದು, ಎರಡೂ ಒಂದೇ ಬಗೆಯ ಅವಸರ. ಬಗ್ಗಿ ನೋಡುವ ಕೆಲಸ ತಪ್ಪಬೇಕು, ಅಷ್ಟೇ.

ಈಗ ನನಗೆ ನಾಚಿಕೆಯಾಗುವ ಸಂಗತಿಗೆ ಬರುತ್ತೇನೆ. ಸಭೆಗೆ ಎರಡು ದಿನ ಮೊದಲು ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಬರೆದರು: "ಮಾಲಿಗೆ ಸಂಬಳ ಕೊಡುವುದು ಯಾತಕ್ಕೆ? ಅವನು ಇಷ್ಟು ದಿನ ಏನು ಮಾಡುತ್ತಿದ್ದ?" ಹದಿನಾರು ಜನ ಅದಕ್ಕೆ ಹೆಬ್ಬೆಟ್ಟು ಒತ್ತಿದರು. ಹದಿನೇಳನೆಯವನು ನಾನು. ಒತ್ತುವಾಗ ನನಗೆ ಗೊತ್ತಿತ್ತು, ಆ ಮಣ್ಣು ನನ್ನದು, ಗಿಡ ನನ್ನದು, ಅದನ್ನು ಮುಟ್ಟಬೇಡಿ ಎಂದು ಅವರಿಗೆ ಹೇಳಿದವನೂ ನಾನೇ. ಫೋಟೋದಲ್ಲಿ ಪೊದೆ ತುಂಬಿದಂತೆ ಕಾಣಲಿ ಎಂದು.

ನಮ್ಮ ಮಾಲಿ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಕಡೆಯವರು. ಹೊಳೆ ದಾಟಿದರೆ ರಾಯಚೂರು. ಅಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವರ ಮನೆಮಾತು ಕನ್ನಡ. ಹೈದರಾಬಾದಿನಲ್ಲಿ ಕನ್ನಡಿಗರು ಎಂದರೆ ನಮಗೆ ನೆನಪಾಗುವುದು ಕಾಚಿಗುಡದ ಸಾಹಿತ್ಯ ಮಂದಿರ, ನೃಪತುಂಗ ಶಾಲೆ, ಆಮೇಲೆ ಗಚ್ಚಿಬೌಲಿಯ ನಾವು. ಪಾಲಮೂರಿನ ಕೂಲಿಯಾಗಿ ತಲೆಮಾರುಗಳಿಂದ ಈ ಊರಿಗೆ ಬಂದು ಕಟ್ಟಡ ಕಟ್ಟುತ್ತಿರುವ, ನೆಲ ಅಗೆಯುತ್ತಿರುವ ಕನ್ನಡಿಗರು ನಮ್ಮ ಲೆಕ್ಕದಲ್ಲಿ ಇಲ್ಲ. ಎರಡು ವರ್ಷ ಅವರ ಜೊತೆ ನಾನು ಹರುಕು ತೆಲುಗಿನಲ್ಲಿ ಮಾತಾಡಿದ್ದೆ. ಅವರು ಫೋನಿನಲ್ಲಿ ಹೆಂಡತಿಗೆ ಬೈಯುವುದು ಕೇಳಿದ ಮೇಲೆ ಗೊತ್ತಾಯಿತು ಕನ್ನಡದವರೆಂದು. ಮೊದಲು ಇಬ್ಬರು ಮಾಲಿಗಳಿದ್ದರು. ಚದರಡಿಯ ಲೆಕ್ಕದಲ್ಲಿ ತಿಂಗಳ ಶುಲ್ಕ ಏರಿತೆಂದು ಗಲಾಟೆಯಾದಾಗ ಒಬ್ಬರನ್ನು ಬಿಡಿಸಿದೆವು. ನಾಲ್ಕು ಬ್ಲಾಕಿಗೆ ಒಬ್ಬರೇ ಉಳಿದರು. ಆಗಲೂ ನಾನು ಕೈ ಎತ್ತಿದ್ದೆ.

ಸಭೆಯ ಮರುದಿನ ಬೆಳಿಗ್ಗೆ ಅವರೇ ಬಂದು ಪೊದೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಹೂ ಬಿಟ್ಟಿಂದ ತಾಯಿ ಉಳ್ಯಂಗಿಲ್ರಿ ಸರ. ಬಾಳಿ ಗಿಡ ಇದ್ದಂಗ. ಅದನ್ನ ಹಂಗ ಬಿಟ್ರ ಮರಿಗೋಳಿಗೆ ಜಾಗ ಎಲ್ಲಿಂದ ಬರಬೇಕು?" ಎಂದರು. ಎಂಟೆಕ್ ಓದಿದ ನನಗೆ ಹೊಳೆಯದ ಹೋಲಿಕೆ. ಬಾಳೆಗೊನೆ ಕಡಿದ ಮೇಲೆ ತಾಯಿಗಿಡವನ್ನು ಕಡಿದು, ಒಂದೋ ಎರಡೋ ಕಂದು ಉಳಿಸಿ ಮಿಕ್ಕಿದ್ದನ್ನು ತೆಗೆಯುವುದು ನಮ್ಮ ಹಿತ್ತಿಲಿನ ಮಕ್ಕಳಿಗೂ ಗೊತ್ತಿದ್ದ ಕೆಲಸ. ಅನಾನಸ್ಸಿನಲ್ಲೂ ಹಾಗೇ, ಹಣ್ಣು ಕೊಯ್ದ ಮೇಲೆ ಕೂಳೆ ಬೆಳೆಗೆ ಬುಡಕ್ಕೊಂದು ಕಂದು ಬಿಡುತ್ತಾರೆ. ಬೆಳೆಯಲ್ಲಿ ಯಾರೂ ಇದನ್ನು ಕ್ರೌರ್ಯ ಅನ್ನುವುದಿಲ್ಲ. ಅದೇ ಗಿಡ ಅಲಂಕಾರಕ್ಕೆಂದು ಪೇಟೆಯ ಮನೆಗೆ ಬಂದರೆ ನಮಗೆ ಕೀಳುವ ಮನಸ್ಸಿಲ್ಲ, ಎಸೆಯುವ ಮನಸ್ಸಿಲ್ಲ. ಇದನ್ನು ಪ್ರೀತಿ ಎಂದುಕೊಳ್ಳುತ್ತೇವೆ. ಇದು ಮೈಗಳ್ಳತನ.

ನಾನು ಅವರ ಕೈ ನೋಡಿದೆ. ಬೆರಳುಗಳ ಮೇಲೆ ಹಳೆಯ ಗೀರುಗಳು. ಬ್ರೊಮೆಲಿಯಾಡಿನ ಎಲೆಯಂಚಿನಲ್ಲಿ ಗರಗಸದ ಹಲ್ಲಿನಂಥ ಮುಳ್ಳಿರುತ್ತದೆ. ಪಕ್ಕದ ಬ್ಲಾಕಿನ ಗಿಡಗಳನ್ನು ಅವರು ಬರಿಗೈಯಲ್ಲಿ ಸ್ವಚ್ಛ ಮಾಡಿದ್ದರು. ಸಂಘ ಅವರಿಗೆ ಕೊಟ್ಟದ್ದು ಒಂದು ಜೊತೆ ತೆಳ್ಳನೆಯ ರಬ್ಬರ್ ಗ್ಲೌಸು. ಅದು ಮೊದಲ ವಾರವೇ ಹರಿದಿತ್ತು. ಲೋ ಮೇಂಟೆನೆನ್ಸ್ ಎಂದರೇನು ಎಂದು ಅವತ್ತು ಅರ್ಥವಾಯಿತು. ಮೇಂಟೆನೆನ್ಸ್ ಇಲ್ಲ ಎಂದಲ್ಲ. ಅದನ್ನು ಮಾಡುವ ಕೈ ನಮ್ಮದಲ್ಲ ಎಂದು.

ನಮ್ಮ ಉದ್ಯಮದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಸಿಸ್ಟಮ್ ಶುರುವಾದ ದಿನ ಕೇಕು ಕತ್ತರಿಸುತ್ತೇವೆ. ಮರುದಿನದಿಂದ ಅದನ್ನು ನಡುರಾತ್ರಿ ಎದ್ದು ಕಾಯುವ ಸಪೋರ್ಟ್ ತಂಡದವರಿಗೆ ಬಡ್ತಿಯೂ ಕೊನೆಗೆ, ಚಪ್ಪಾಳೆಯೂ ಕೊನೆಗೆ. ಹಳೆಯ ಕೋಡನ್ನು ಯಾರೂ ತೆಗೆಯುವುದಿಲ್ಲ, ಅದರ ಮೇಲೆಯೇ ಹೊಸದು ಹತ್ತುತ್ತದೆ. ಒಂದು ದಿನ ಎಲ್ಲ ಕುಸಿದಾಗ ಸಭೆ ಕರೆದು, ಇಡೀ ಸಿಸ್ಟಮ್ಮನ್ನೇ ಎಸೆಯೋಣ ಎನ್ನುತ್ತೇವೆ, ಇಲ್ಲವೇ ಸಪೋರ್ಟಿನ ಹುಡುಗನ ಮೇಲೆ ಹಾಕುತ್ತೇವೆ. ಇಪ್ಪತ್ತು ವರ್ಷ ಇದನ್ನೇ ನೋಡಿದವನು ನನ್ನ ಅಂಗಳದಲ್ಲಿ ಅದನ್ನೇ ಮಾಡಿದ್ದೆ.

ಇಂಥ ಪತ್ರಿಕೆಗಳಿಗೆ ಬರೆಯುವ ನಮಗೂ ಒಂದು ಮಾತು. ಊರು ಬಿಟ್ಟವರಿಗೆ ಬೇರಿನ ಮೇಲೆ ಬಹಳ ವ್ಯಾಮೋಹ. ಬ್ರೊಮೆಲಿಯಾಡಿಗೆ ಮಣ್ಣು ಬೇಡ ಎಂದು ಗೊತ್ತಾದ ಕೂಡಲೇ ನಾನೂ ಒಂದು ಪದ್ಯ ಬರೆದಿದ್ದೆ, ಬೇರಿಲ್ಲದೆ ಬದುಕುವ ಗಿಡ, ನನ್ನ ಹಾಗೆ ಎಂದು. ಸದ್ಯ, ಎಲ್ಲಿಗೂ ಕಳಿಸಲಿಲ್ಲ. ಆ ಪದ್ಯ ಬರೆಯುವ ಹೊತ್ತಿನಲ್ಲಿ ಅದೇ ಗಿಡದ ಬಟ್ಟಲಲ್ಲಿ ಸೊಳ್ಳೆ ಮೊಟ್ಟೆ ಇಡುತ್ತಿತ್ತು. ಬೇರಿನ ಬಗ್ಗೆ ಕೊರಗುವುದಕ್ಕೆ ಪೆನ್ನು ಸಾಕು. ಇರುವ ನೆಲವನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವುದಕ್ಕೆ ಸೊಂಟ ಬಗ್ಗಬೇಕು. "ಇದು ನಮ್ಮ ಊರಲ್ಲ" ಎನ್ನುವ ನಮ್ಮ ಹಾಡು ಎಷ್ಟೋ ಸಲ ಈ ಬಗ್ಗುವುದನ್ನು ತಪ್ಪಿಸಿಕೊಳ್ಳುವ ನೆಪ.

ಮೂರು ಭಾನುವಾರ ನಾನು ಬಗ್ಗಿದೆ. ಮಾಡಿದ್ದನ್ನು ಹೇಳುತ್ತೇನೆ, ಬೇಕಾದವರಿಗೆ ಉಪಯೋಗವಾಗಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗಿನವರು ಹಾಕುವ ಚರ್ಮದ ಗ್ಲೌಸು ಸಿಗುತ್ತದೆ. ಎರಡು ಜೊತೆ ತಂದೆ, ಒಂದು ನನಗೆ, ಒಂದು ಅವರಿಗೆ. ತುಂಬು ತೋಳಿನ ದಪ್ಪ ಅಂಗಿ, ಜೀನ್ಸ್, ಕಣ್ಣಿಗೆ ಕನ್ನಡಕ. ಬಗ್ಗಿದಾಗ ಎಲೆಯ ತುದಿ ನೇರ ಕಣ್ಣಿಗೇ ಬರುತ್ತದೆ. ಕೈ ಹಾಕುವ ಮೊದಲು ಕೋಲಿನಿಂದ ಪೊದೆಯನ್ನು ಅಲುಗಿಸಬೇಕು. ನಮಗೆ ಎರಡು ಜರಿ, ಒಂದು ಚೇಳು, ನಾಲ್ಕು ಕಪ್ಪೆ ಸಿಕ್ಕವು. ಕಪ್ಪೆಗಳನ್ನು ಬಿಟ್ಟುಬಿಟ್ಟೆವು.

ಮೊದಲು ಪೈಪಿನಿಂದ ರಭಸವಾಗಿ ನೀರು ಬಿಟ್ಟು ಬಟ್ಟಲುಗಳನ್ನೂ ಎಲೆಯ ಕಂಕುಳುಗಳನ್ನೂ ತೊಳೆಯಬೇಕು. ಹೊರಗೆ ಒಣಮಣ್ಣಿಗೆ ಬಿದ್ದ ಲಾರ್ವಾ ಸಾಯುತ್ತದೆ. ಆಮೇಲೆ ಒಣಗಿದ ಎಲೆ. ಅದನ್ನು ಹಾಗೇ ಎಳೆದರೆ ಬರುವುದಿಲ್ಲ, ಬಂದರೆ ಬುಡವೇ ಕಿತ್ತು ಬರುತ್ತದೆ. ತುದಿಯಿಂದ ನಡುವೆ ಎರಡಾಗಿ ಸೀಳಿ, ಒಂದೊಂದು ಭಾಗವನ್ನು ಒಂದೊಂದು ಕಡೆಗೆ ಎಳೆದರೆ ಸಲೀಸಾಗಿ ಕಳಚುತ್ತದೆ. ಇದನ್ನು ಕಲಿಸಿದ್ದು ಮಾಲಿಯೇ. ಎಲೆ ಕಳಚಿದ ಮೇಲೆ ಯಾವುದು ಸತ್ತದ್ದು, ಯಾವುದು ಸಾಯುತ್ತಿರುವುದು, ಯಾವುದು ಕಂದು ಎಂದು ಕಣ್ಣಿಗೆ ಕಾಣುತ್ತದೆ. ಸತ್ತದ್ದನ್ನು ಬುಡದ ಕಾಂಡದಲ್ಲಿ ಗರಗಸದಿಂದ ಕೊಯ್ದು ತೆಗೆಯಬೇಕು. ತಾಯಿ ಇನ್ನೂ ಹಸಿರಾಗಿದ್ದರೆ ಬಿಡಬಹುದು, ಇನ್ನೊಂದು ಕಂದು ಕೊಟ್ಟೀತು. ಕಂದು ತಾಯಿಯ ಮೂರನೇ ಒಂದರಿಂದ ಅರ್ಧದಷ್ಟು ಆಗುವವರೆಗೆ ಕೀಳಬಾರದು. ಅದಕ್ಕಿಂತ ಎಳೆಯದನ್ನು ಕಿತ್ತರೆ ಬದುಕುವುದು ಕಷ್ಟ.

ಕೊಯ್ದ ಕಂದನ್ನು ಒಂದು ದಿನ ನೆರಳಲ್ಲಿ ಒಣಗಲು ಬಿಟ್ಟು, ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ಬೆರೆಸಿದ ಸಡಿಲ ಮಿಶ್ರಣದಲ್ಲಿ ಮೇಲೆ ಮೇಲೆ ನೆಡಬೇಕು. ಆಳಕ್ಕೆ ಹೂತರೆ ಬುಡ ಕೊಳೆಯುತ್ತದೆ. ಬೇರು ಹಿಡಿಯುವವರೆಗೆ ಒಂದು ಕಡ್ಡಿಗೆ ಕಟ್ಟಿದರೆ ಸಾಕು. ಏಪ್ರಿಲ್, ಮೇ ತಿಂಗಳ ಹೈದರಾಬಾದಿನ ಬಿಸಿಲಿನಲ್ಲಿ ಈ ಕೆಲಸ ಮಾಡಬೇಡಿ. ನೀರು ಶುದ್ಧ ಮಾಡುವ ಯಂತ್ರ ಹೊರಗೆ ಬಿಡುವ ಉಪ್ಪುಪ್ಪು ನೀರನ್ನು ಪರಿಸರಪ್ರೇಮದಿಂದ ಈ ಗಿಡಕ್ಕೆ ಹಾಕಬೇಡಿ. ಮಳೆನೀರು ಅದಕ್ಕೆ ಅಮೃತ. ಸೊಳ್ಳೆಗೆಂದು ಸೀಮೆಎಣ್ಣೆ, ಅಡುಗೆಎಣ್ಣೆ ಹಾಕಿದರೆ ಎಲೆಯ ರೋಮ ಮುಚ್ಚಿ ಗಿಡ ಸಾಯುತ್ತದೆ. ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿಯೋ ಕಾಳೋ ಸಿಗುತ್ತದೆ, ಅದು ಲಾರ್ವಾವನ್ನು ಕೊಲ್ಲುತ್ತದೆ, ಗಿಡಕ್ಕೂ ಕಪ್ಪೆಗೂ ಏನೂ ಮಾಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆ ಬಟ್ಟಲು ತೊಳೆಯುವುದು. ಈಡಿಸ್ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಅದರ ಮೊಟ್ಟೆ ನೀರಿಲ್ಲದೆಯೂ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ಆದ್ದರಿಂದ ಬರೀ ಬಗ್ಗಿಸಿ ಚೆಲ್ಲಿದರೆ ಸಾಲದು, ರಭಸದಿಂದ ತೊಳೆಯಬೇಕು. ಸಂಜೆ ಬಂದು ಹೊಗೆ ಬಿಟ್ಟು ಹೋಗುವವರನ್ನು ನಂಬಿ ಕೂರಬೇಡಿ. ಹೊಗೆ ಸಾಯಿಸುವುದು ಹಾರುವ ಸೊಳ್ಳೆಯನ್ನು ಮಾತ್ರ, ನೀರಿನಲ್ಲಿರುವುದನ್ನಲ್ಲ.

ಇದೇನು ನಾನು ಕಂಡುಹಿಡಿದ ವಿದ್ಯೆಯಲ್ಲ. 2020ರಲ್ಲಿ ತೆಲಂಗಾಣ ಸರ್ಕಾರವೇ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹತ್ತು ನಿಮಿಷ ನಿಮ್ಮ ಮನೆಯ ನಿಂತ ನೀರು ಚೆಲ್ಲಿ ಎಂದು ಅಭಿಯಾನ ಮಾಡಿತ್ತು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೆ ದಂಡ ಹಾಕುವ ನಿಯಮ ತಂದಿತು. ಎರಡೂ ಬೊಟ್ಟು ಮಾಡಿದ್ದು ಮನೆಯವರ ಕಡೆಗೆ, ಮಾಲಿಯ ಕಡೆಗಲ್ಲ, ಗಿಡದ ಜಾತಿಯ ಕಡೆಗೂ ಅಲ್ಲ. ಇನ್ನು ಊರಿನ ವಿಷಯಕ್ಕೆ ಬಂದರೆ, ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂಬುದಕ್ಕೆ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಪುರಾವೆ ಕಂಡದ್ದು ಇದೇ ಸಿಕಂದರಾಬಾದಿನಲ್ಲಿ. ಅವರ ಹೆಸರಿನ ಕಟ್ಟಡ ಬೇಗಂಪೇಟೆಯಲ್ಲಿ ಇನ್ನೂ ಇದೆ. ಅವರು ಒಂದೊಂದು ಸೊಳ್ಳೆಯ ಹೊಟ್ಟೆ ಸೀಳಿ, ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ನೋಡಿದ್ದರಿಂದ ಅದು ಸಾಧ್ಯವಾಯಿತು. ಅದೇ ಊರಿನಲ್ಲಿ ಕೂತು ನಾವು ಬಗ್ಗದೆ ನಿರ್ಣಯ ಮಾಡುತ್ತೇವೆ.

"ಮಕ್ಕಳ ಜೀವಕ್ಕಿಂತ ನಿನ್ನ ಗಿಡ ದೊಡ್ಡದೇ?" ಎಂದು ಮೇಲಿನ ಮನೆಯವರು ಸಭೆಯಲ್ಲಿ ಕೇಳಿದ್ದರು. ಅಂದು ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ದೊಡ್ಡದಲ್ಲ. ವಾರಕ್ಕೊಮ್ಮೆ ತೊಳೆಯಲಾಗದವರು, ವರ್ಷಕ್ಕೊಮ್ಮೆ ಬಿಡಿಸಿ ತೆಳುಮಾಡಲಾಗದವರು ಈ ಗಿಡ ಇಟ್ಟುಕೊಳ್ಳಬಾರದು. ಇವತ್ತೇ ಕೀಳಲಿ, ಇಲ್ಲವೇ ಮಾಡುವವರಿಗೆ ಕೊಡಲಿ. ಇದರಲ್ಲಿ ರಾಜಿಯಿಲ್ಲ. ಆದರೆ ಗಿಡ ಕಿತ್ತ ಮರುದಿನ ಕೆಲಸ ಮುಗಿಯಿತೆಂದು ಮಲಗುವ ಸಂಘಕ್ಕೂ ನನ್ನ ಒಪ್ಪಿಗೆಯಿಲ್ಲ. ನನ್ನ ಪೊದೆ ಹೋದರೂ ಐದು ಕಡೆ ಲಾರ್ವಾ ಉಳಿಯುತ್ತಿತ್ತು. ಆ ಐದರ ಪಕ್ಕದಲ್ಲಿ ನಿಮ್ಮ ಮಗು, ನನ್ನ ಮಗಳು ಆಡುತ್ತಿದ್ದರು. ತಪ್ಪು ಭರವಸೆಯೂ ಒಂದು ಬಗೆಯ ನಿಂತ ನೀರೇ.

ಮುಂದಿನ ತಿಂಗಳ ಸಭೆಗೆ ನಾನು ಹನ್ನೊಂದು ಜಾಗಗಳ ಪಟ್ಟಿ, ಫೋಟೋ ಹಿಡಿದು ಹೋದೆ. ನಾಲ್ಕು ಬೇಡಿಕೆ ಇಟ್ಟೆ. ಗಿಡ ಇಟ್ಟವರೇ ಗಿಡಕ್ಕೆ ಹೊಣೆ. ಲಿಫ್ಟಿನ ಗುಂಡಿ ಬರಿದು ಮಾಡಲು ಪಂಪು. ಪಕ್ಕದ ಹೊಂಡದ ಬಗ್ಗೆ ನಗರಪಾಲಿಕೆಗೆ ಸಂಘದ ಹೆಸರಿನಲ್ಲೇ ದೂರು. ಬಿಡಿಸಿದ ಎರಡನೇ ಮಾಲಿಯನ್ನು ವಾಪಸು ಕರೆಯುವುದು, ಇಬ್ಬರಿಗೂ ಸರಿಯಾದ ಗ್ಲೌಸು. ಮೊದಲ ಮೂರು ಒಪ್ಪಿಗೆಯಾದವು. ನಾಲ್ಕನೆಯದರಲ್ಲಿ ಗ್ಲೌಸು ಮಾತ್ರ ಒಪ್ಪಿದರು. ಮಾಲಿಯ ವಿಷಯ "ಮುಂದೆ ನೋಡೋಣ" ಆಯಿತು. ತಿಂಗಳಿಗೆ ಮನೆಗೆ ನೂರಿಪ್ಪತ್ತು ರೂಪಾಯಿ ಹೆಚ್ಚಾಗುತ್ತದಂತೆ. ಅಲ್ಲಿ ಕೂತವರಲ್ಲಿ ಯಾರೂ ಒಂದು ಕಾಫಿಗೆ ಅದಕ್ಕಿಂತ ಕಡಿಮೆ ಕೊಡುವವರಲ್ಲ, ನಾನೂ ಸೇರಿ. ಅದನ್ನು ನಾನು ಬಿಡುವುದಿಲ್ಲ, ಪ್ರತಿ ಸಭೆಯಲ್ಲೂ ಎತ್ತುತ್ತೇನೆ.

ವಾಟ್ಸಾಪ್ ಗುಂಪಿನಲ್ಲಿ ಆ ಹೆಬ್ಬೆಟ್ಟನ್ನು ವಾಪಸು ತೆಗೆದು, ಗಿಡ ನನ್ನದು, ಮುಟ್ಟಬೇಡಿ ಎಂದು ಹೇಳಿದ್ದು ನಾನು, ಮಾಲಿಯ ತಪ್ಪಿಲ್ಲ ಎಂದು ಬರೆದೆ. ಯಾರೂ ಉತ್ತರಿಸಲಿಲ್ಲ. ಮಾಲಿ ಆ ಗುಂಪಿನಲ್ಲಿಲ್ಲ. ಆದ್ದರಿಂದ ಅವರ ಎದುರಿಗೂ ಹೇಳಿದೆ. "ಹೋಗ್ಲಿ ಬಿಡ್ರಿ ಸರ," ಎಂದು ಅವರು ಪೈಪು ಸುತ್ತತೊಡಗಿದರು. ಕ್ಷಮಿಸಿದರೋ, ಇಂಥವು ಎಷ್ಟೋ ಆಗಿಹೋಗಿವೆ ಎಂದರೋ, ನನಗೆ ಗೊತ್ತಾಗಲಿಲ್ಲ.

ಈಗ ಆ ಮಣ್ಣಿನಲ್ಲಿ ಹತ್ತೊಂಬತ್ತು ಗಿಡಗಳಿವೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಕೈ ಹಾಕುವಷ್ಟು ಜಾಗ. ನಾಲ್ಕು ಮೂಟೆ ಕಸ ಹೊರಗೆ ಹೋಯಿತು, ಹದಿನಾಲ್ಕು ಕಂದುಗಳನ್ನು ಹಂಚಿದೆ. ಕೊಡುವ ಮುನ್ನ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದೆ: ವಾರಕ್ಕೊಮ್ಮೆ ತೊಳೆಯುತ್ತೀರಾ? ಇಬ್ಬರು ಯೋಚಿಸಿ ಬೇಡ ಎಂದರು. ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು. ಫೋಟೋದಲ್ಲಿ ತೋಟ ಮೊದಲಿನಷ್ಟು ತುಂಬಿ ಕಾಣುವುದಿಲ್ಲ. ಭಾನುವಾರ ಹತ್ತು ಗಂಟೆಗೆ ಮಗಳು ಪೈಪು ಹಿಡಿಯುತ್ತಾಳೆ, ನಾನು ಬಗ್ಗುತ್ತೇನೆ. ಮೇಲಿನ ಮನೆಯ ಹುಡುಗ ಬಾಲ್ಕನಿಯಿಂದ, "ಅಂಕಲ್, ಆ ಮೂಲೇದು ಬಿಟ್ರಿ" ಎಂದು ಕೂಗುತ್ತಾನೆ. ಅವನು ಹೇಳಿದ್ದು ಸಾಮಾನ್ಯವಾಗಿ ಸರಿಯಿರುತ್ತದೆ.